ಹೊಟ್ಟೆ ತುಂಬಿದ ಕೌದಿ

ಕೌದಿ ಅವ್ವನ ಎಡಗೈ ತೋರುಬೆರಳಿನ ತುದಿ ಹುಣಸೆ ಬೀಜದಂತೆ ಗಟ್ಟಿಯಾಗಿತ್ತು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುವಾಗ ಕೆಳಗಿಳಿದ ಸೂಜಿ ತಾಕುತ್ತಿದ್ದುದು ಆ ಬೆರಳಿಗೇ. ಅದರಿಂದ ಗಲ್ಲ ಸವರಿದರೆ ಚುರ್ ಎನ್ನುತ್ತಿತ್ತು. ಆದರೂ ಆದವಾನಿಯ ನಮ್ಮ ಓಣಿಯ ಮಕ್ಕಳೆಲ್ಲ ಸರದಿಯ ಮೇಲೆ ಗಲ್ಲ ಒಡ್ಡುತ್ತಿದ್ದೆವು.

ಅವಳು ನಮ್ಮ ಪಕ್ಕದ ಮನೆಯವಳು. ದೀಪಾವಳಿ ಕಳೆದು ಚಳಿ ಬಿತ್ತೆಂದರೆ, ಅಂಗಳಕ್ಕೆ ಬಿಸಿಲು ಬರುವ ಹೊತ್ತಿಗೆ ಕೌದಿ ಹಾಸುತ್ತಿದ್ದಳು. ಬಟ್ಟೆ ಜರುಗದಂತೆ ಮೂಲೆಗೊಂದು ಮಗುವನ್ನು ಕೂರಿಸುವುದು ಅವಳ ಪದ್ಧತಿ. ನಾನು ಕಡ್ಡಿಯಂತಿದ್ದೆ, ನನ್ನ ಮೂಲೆ ಯಾವಾಗಲೂ ಸುಕ್ಕಾಗುತ್ತಿತ್ತು. "ನಿನ್ನ ಬದ್ಲಿ ಒಂದು ಕಲ್ಲು ಇಟ್ಟಿದ್ರ ಚಲೋ ಇತ್ತು. ಕಲ್ಲು ಶೇಂಗಾನೂ ಕೇಳಂಗಿಲ್ಲ," ಎಂದು ಹಂಗಿಸುತ್ತಲೇ ನನ್ನ ಉಡಿಗೆ ಒಂದು ಹಿಡಿ ಶೇಂಗಾ ಹೆಚ್ಚು ಹಾಕುತ್ತಿದ್ದಳು. ಬೆನ್ನಿಗೆ ಎಳೆಬಿಸಿಲು, ಕೆಳಗೆ ಯಾರದೋ ಮನೆಯ ಸೀರೆಗಳ ಮೆತ್ತೆ. ಚಳಿಗಾಲ ಅಂದರೆ ನನಗೆ ಇವತ್ತಿಗೂ ಅದೇ.

ಕೊನೆಯ ಮೂಲೆ ಮುಚ್ಚುವ ಮುನ್ನ ಒಂದು ಶಾಸ್ತ್ರವಿತ್ತು. ಜೋಳದ ರೊಟ್ಟಿಯ ಚೂರು, ಚಿಟಿಕೆ ಬೆಲ್ಲ ಒಳಗಿಟ್ಟು ಹೊಲಿಯುತ್ತಿದ್ದಳು. "ಕೌದಿ ಹೊಟ್ಟಿ ತುಂಬಿಸಬೇಕು. ಹಸಿದ ಕೌದಿ ಬೆಚ್ಚಗ ಇಡಂಗಿಲ್ಲ," ಎನ್ನುತ್ತಿದ್ದಳು.

ನನಗೆ ಏಳೆಂಟು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಆ ಚಳಿಗಾಲದಲ್ಲಿ ನನಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ಅಪ್ಪ ಹತ್ತಿ ಮಿಲ್ಲಿಗೆ ಹೋದಾಗ ಸೋದರತ್ತೆ ಅಮ್ಮನ ಸೀರೆಗಳನ್ನೆಲ್ಲ ಯಾರಿಗಾದರೂ ಕೊಟ್ಟುಬಿಡೋಣವೆಂದು ಗಂಟು ಕಟ್ಟಿದಳು. ಕೌದಿ ಅವ್ವ ಬಂದವಳೇ ಗಂಟನ್ನು ಕಂಕುಳಿಗೆ ಏರಿಸಿಕೊಂಡಳು.

"ಸತ್ತೋರ ಸೀರಿ ಕೂಸಿಗೆ ಹೊದಿಸ್ತಾರೇನು?" ಎಂದಳು ಅತ್ತೆ.

"ಇದ ಸೆರಗಿನಾಗ ಮಲಗಿದ್ದ ಕೂಸು ಅದು. ಈಗ ಯಾಕ ಬ್ಯಾಡ?" ಎಂದು ಕೌದಿ ಅವ್ವ ತಿರುಗಿಯೂ ನೋಡದೆ ಹೋದಳು.

ಆ ಸೀರೆಗಳಿಂದ ಅವಳು ಹೊಲಿದ ಕೌದಿ ಬಂದ ಮೇಲೆ ನಾನು ಮಲಗಿದೆ. ಅಮ್ಮನ ಹಸಿರು ಸೀರೆಯ ಪಟ್ಟಿ ಮುಖಕ್ಕೆ ಬರುವಂತೆ ಹೊದ್ದುಕೊಳ್ಳುತ್ತಿದ್ದೆ. ಆದರೆ ಕೆಲವು ದಿನಕ್ಕೆ ಒಂದು ಚಿಂತೆ ಹತ್ತಿತು. ಒಳಗಿಟ್ಟ ರೊಟ್ಟಿ ಮುಗಿದುಹೋಗಿದ್ದರೆ? ಅಮ್ಮ ಹಸಿದಿದ್ದರೆ? ಮೂಲೆಯ ಹೊಲಿಗೆ ಬಿಚ್ಚಿ, ನನ್ನ ತಟ್ಟೆಯ ರೊಟ್ಟಿಯಲ್ಲಿ ದಿನಾ ಒಂದೊಂದು ತುತ್ತು ಒಳಗೆ ತುರುಕತೊಡಗಿದೆ. ಮೊದಲು ಇರುವೆ ಬಂದವು, ಆಮೇಲೆ ಇಲಿ. ಒಂದು ಬೆಳಗ್ಗೆ ನೋಡಿದರೆ ಮೂಲೆ ಚಿಂದಿಯಾಗಿತ್ತು. ಅಮ್ಮನನ್ನೇ ಇಲಿ ತಿಂದಿತು ಅನ್ನಿಸಿ, ಕೌದಿಯನ್ನು ಎಳೆದುಕೊಂಡು ಅಳುತ್ತ ಪಕ್ಕದ ಮನೆಗೆ ಓಡಿದೆ.

ಕೌದಿ ಅವ್ವ ಬೈಯಲಿಲ್ಲ. ಬೂಷ್ಟು ಹಿಡಿದ ತುತ್ತುಗಳನ್ನು ಕೊಡವಿ, ನನ್ನನ್ನು ತೊಡೆಗೆ ಒತ್ತಿ ಕೂರಿಸಿಕೊಂಡು ದಪ್ಪ ದಾರದಿಂದ ಮತ್ತೆ ಹೊಲಿದಳು. "ಆಕಿ ಉಂಡಾಳ. ಹೊಟ್ಟಿ ತುಂಬ ಉಂಡಾಳ. ಇನ್ನ ನೀ ಉಣ್ಣಬೇಕು," ಎಂದಳು. ಅವತ್ತಿನಿಂದ ಸಂಜೆಯ ಊಟಕ್ಕೆ ನನ್ನನ್ನು ತನ್ನ ಮನೆಗೇ ಕರೆಯತೊಡಗಿದಳು. ನಾನು ಮದುವೆಯಾಗಿ ಗೋನೆಗಂಡ್ಲಕ್ಕೆ ಹೋಗುವವರೆಗೂ ಅದು ನಿಲ್ಲಲಿಲ್ಲ.

ಓಣಿಗೆಲ್ಲ ಹೊಲಿದವಳು ತನಗೊಂದು ಕೌದಿ ಹೊಲಿದುಕೊಳ್ಳಲಿಲ್ಲ. ಕೇಳಿದರೆ, "ನನ್ನ ಸೀರಿ ಇನ್ನ ನನ್ನ ಮೈಮ್ಯಾಲೇ ಅದಾವಲ್ಲ," ಎಂದು ನಗುತ್ತಿದ್ದಳು.

ಹೋದ ವರ್ಷ ಚಳಿಗೆ ಹಾಸಿಗೆ ಹಿಡಿದಳು. ಗಂಜಿಯೂ ಇಳಿಯುತ್ತಿಲ್ಲ, ಜಲ್ದಿ ಬಾ ಎಂದು ಅವಳ ಮಗ ಫೋನ್ ಮಾಡಿದ. ಅಮ್ಮನ ಕೌದಿ ಮಡಚಿಕೊಂಡು ಬಸ್ಸು ಹತ್ತಿದೆ. ಹೊದಿಸಿದಾಗ ಅವಳು ಕಣ್ಣು ತೆರೆಯಲಿಲ್ಲ. ಆ ಗಟ್ಟಿ ಬೆರಳು ಮಾತ್ರ ಅಂಚನ್ನು ತಡವುತ್ತ ಹೋಗಿ, ಇಲಿ ಕಡಿದಿದ್ದ ಮೂಲೆಯ ದಪ್ಪ ಹೊಲಿಗೆಯ ಮೇಲೆ ನಿಂತಿತು.

"ನಿಮ್ಮವ್ವನ ಕೌದಿ," ಎಂದಳು. "ನಿನಗ ಚಳಿ ಆಗ್ತೈತಲ್ಲ."

"ನನಗೇನು ಆಗಂಗಿಲ್ಲ. ನೀ ಹೊದ್ಕ."

ಸಂಕ್ರಾಂತಿಗೆ ಮುಂಚೆ ಒಂದು ಬೆಳಗ್ಗೆ ಹೋದಳು. ಎತ್ತುವ ಹೊತ್ತಿಗೆ ಮಗ ಕೌದಿ ತೆಗೆದು ನನ್ನ ಕೈಗೆ ಕೊಟ್ಟ. "ತಗೋ ಅಕ್ಕ. ಮೈಮ್ಯಾಲ ಇದ್ದದ್ದು ಮಣ್ಣಿಗೆ ಹೋಗ್ತೈತಿ. ನಿಮ್ಮವ್ವಂದು ಇದೊಂದ ಉಳದೈತಿ."

ನಿಜ. ಅಮ್ಮನದೊಂದು ಫೋಟೋ ಕೂಡ ನನ್ನ ಬಳಿ ಇಲ್ಲ. ಕೌದಿಯನ್ನು ಅವಚಿಕೊಂಡು ಗೋಡೆಗೆ ಆತು ನಿಂತೆ. ಸುಳ್ಳೇಕೆ ಹೇಳಲಿ, ಮಣ್ಣಿಗೆ ಕೊಡಲು ಮನಸ್ಸಿರಲಿಲ್ಲ. ಆಮೇಲೆ ಹೊದಿಕೆಯಿಲ್ಲದೆ ಮಲಗಿದ್ದ ಅವಳನ್ನು ನೋಡಿದೆ. ಎಷ್ಟೋ ದಿನದಿಂದ ಉಣ್ಣದ ಹೊಟ್ಟೆ ಬೆನ್ನಿಗೆ ಹತ್ತಿತ್ತು.

ಅವಳ ಸೂಜಿ ಗೋಡೆಯ ಗೂಡಿನಲ್ಲೇ ಇತ್ತು. ಮೂಲೆ ಬಿಚ್ಚಿದೆ. ಸಾವಿನ ಮನೆಯಲ್ಲಿ ಒಲೆ ಹೊತ್ತಿಸಿರಲಿಲ್ಲ. ಎದುರು ಮನೆಯಿಂದ ರೊಟ್ಟಿ, ಬೆಲ್ಲ ತರಿಸಿ ಒಳಗಿಟ್ಟೆ. ಹೊಲಿಯುವಾಗ ಸೂಜಿ ನನ್ನ ಮೆತ್ತನೆಯ ಬೆರಳಿಗೆ ಎರಡು ಸಲ ಚುಚ್ಚಿತು. ಹಸಿರು ಪಟ್ಟಿ ಮುಖದ ಕಡೆ ಬರುವಂತೆ, ಗಲ್ಲದವರೆಗೂ ಎಳೆದು ಹೊದಿಸಿದೆ.

"ಕೌದಿ ಉಂಡೈತಿ, ಅವ್ವ," ಎಂದೆ. ಎತ್ತಿಕೊಂಡು ಹೋದರು.