ಭಾನುವಾರದ ಬ್ರೇಕು

ಬ್ರೇಕು ರಿಪೇರಿ ಬಿಟ್ಟು ಬೇರೆ ಕೆಲಸ ಮುಟ್ಟದ ಆ ಮೆಕ್ಯಾನಿಕ್ಕನ್ನು ಬೀದಿಯವರೆಲ್ಲ ನಿಧಾನಪ್ಪ ಎಂದೇ ಕರೆಯುತ್ತಿದ್ದರು. ಮಾತು ನಿಧಾನ, ನಡಿಗೆ ನಿಧಾನ. ನಿದ್ದೆಯಲ್ಲಿ ಮಗ್ಗುಲು ಬದಲಿಸುವುದಕ್ಕೂ ಯೋಚನೆ ಮಾಡುತ್ತಾನೆ ಎಂದು ಪಕ್ಕದ ಪಂಕ್ಚರ್ ಅಂಗಡಿಯವನು ನಗುತ್ತಿದ್ದ. ಅಂಥವನ ಬೆನ್ನಿಗೆ ಹುಟ್ಟಿದ ತಮ್ಮನಿಗೆ ಮಾತ್ರ ವೇಗದ ಹುಚ್ಚು. ದುಡಿದದ್ದೆಲ್ಲ ಸುರಿದು ಒಂದು ಓಟದ ಕಾರು ತಂದಿದ್ದ. ಭಾನುವಾರ ಬಂತೆಂದರೆ ಊರಾಚೆಯ ರೇಸ್ ಟ್ರ್ಯಾಕಿಗೆ ಹೊರಟನೆಂದೇ ಲೆಕ್ಕ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂಥ ಅಣ್ಣತಮ್ಮಂದಿರು.

ಇಬ್ಬರಿಗೂ ಬ್ರೇಕಿನ ಮೇಲೆಯೇ ಜಗಳ.

"ಕಂಪನಿಯವರು ಹಾಕಿರೋ ಬ್ರೇಕೇ ಸಾಕು ಕಣೋ. ಎಂಥ ಚಳೀಲೂ ಮೊದಲ ಸಲ ಒತ್ತಿದ್ರೇ ನಿಲ್ಲುತ್ತೆ," ಎನ್ನುತ್ತಿದ್ದ ನಿಧಾನಪ್ಪ.

"ಟ್ರ್ಯಾಕಲ್ಲಿ ನಾಲ್ಕು ಸುತ್ತು ಹೊಡೆಯೋ ಹೊತ್ತಿಗೆ ಅದು ಕಾದು ಕೈಕೊಡುತ್ತೆ ಅಣ್ಣ. ಒಂದಿನ ನನ್ನ ಪಕ್ಕ ಕೂತು ನೋಡು ಬಾ."

ಇಬ್ಬರ ಮಾತೂ ನಿಜವೇ, ಗ್ರಹಚಾರ ಇದ್ದದ್ದೇ ಅಲ್ಲಿ. ಕೊನೆಗೆ ಅಣ್ಣನೇ ಸೋತು, ತಮ್ಮ ಹೊರಗಿನಿಂದ ತರಿಸಿದ ದೊಡ್ಡ ಚಕ್ರದ ಡಿಸ್ಕುಗಳನ್ನೂ ಅವನ್ನು ಅದುಮಿ ನಿಲ್ಲಿಸುವ ರೇಸಿನ ಪ್ಯಾಡುಗಳನ್ನೂ ಕೂರಿಸಿದ. ಆ ಪ್ಯಾಡುಗಳ ಗುಣವೇ ತಲೆಕೆಳಗು: ಕಾದಷ್ಟೂ ಕಚ್ಚುತ್ತವೆ, ತಣ್ಣಗಿದ್ದರೆ ಜಾರುತ್ತವೆ. ಅದಕ್ಕೇ ನಿಧಾನಪ್ಪನದೊಂದು ಕಟ್ಟುನಿಟ್ಟು. ಟ್ರ್ಯಾಕಿನಿಂದ ಬಂದ ಕಾರು ನೇರ ತನ್ನ ಶೆಡ್ಡಿಗೇ ಬರಬೇಕು, ರೇಸಿನ ಪ್ಯಾಡು ತೆಗೆದು ರಸ್ತೆಯ ಪ್ಯಾಡು ಹಾಕಿದ ಮೇಲೆಯೇ ಮನೆಗೆ ಹೋಗಬೇಕು.

ತಮ್ಮನ ಹೆಂಡತಿ ಶಾಲೆಯ ವ್ಯಾನು ಓಡಿಸುತ್ತಿದ್ದಳು. ಅವಳು ಬ್ರೇಕು ಹಾಕಿದರೆ ಸೀಟಿನಲ್ಲಿ ನಿದ್ದೆಹೋದ ಮಗುವಿಗೂ ಎಚ್ಚರವಾಗುತ್ತಿರಲಿಲ್ಲ. "ಕಾಲು ಅಂದ್ರೆ ಅವಳದು," ಎಂದು ನಿಧಾನಪ್ಪ ಸಿಕ್ಕವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದ. ತಮ್ಮನ ಬಗ್ಗೆ ಇಲ್ಲದ ಹೆಮ್ಮೆ ಅವಳ ಬಗ್ಗೆ ಇತ್ತು.

ಒಂದು ಭಾನುವಾರ ಸಂಜೆ ತಮ್ಮ, "ಮುಂದಿನ ವಾರವೂ ಟ್ರ್ಯಾಕಿಗೆ ಹೋಗೋದಿದೆ. ಪ್ಯಾಡು ತೆಗೆಯೋದು ಹಾಕೋದು ಯಾಕೆ ಬಿಡಣ್ಣ? ಅಲ್ಲೀವರೆಗೂ ಕಾರು ಮನೇಲೇ ನಿಂತಿರುತ್ತೆ," ಎಂದ. ನಿಧಾನಪ್ಪನಿಗೆ ಬೆನ್ನು ನೋಯುತ್ತಿತ್ತು. ಹೂಂ ಎಂದುಬಿಟ್ಟ. ಎಲ್ಲದಕ್ಕೂ ಹತ್ತು ಸಲ ಯೋಚಿಸುವವನು ಅಂದೊಂದು ದಿನ ಯೋಚಿಸಲಿಲ್ಲ.

ಆ ವಾರವೇ ಒಂದು ಬೆಳಿಗ್ಗೆ ವ್ಯಾನು ಸ್ಟಾರ್ಟ್ ಆಗಲಿಲ್ಲ. ಮಕ್ಕಳು ಕಾಯುತ್ತಿರುತ್ತಾರೆಂದು ಅವಳು ಗಂಡನ ಕಾರು ತೆಗೆದಳು. ಬೀದಿಯ ಇಳಿಜಾರು ಮುಗಿಯುವಲ್ಲಿ, ಅಲ್ಲೇ ಅಂಗಡಿಯಿದ್ದ ಮುದುಕ ದರ್ಜಿ ರಸ್ತೆ ದಾಟುತ್ತಿದ್ದ. ಅವಳು ಬ್ರೇಕು ಒತ್ತಿದಳು. ಕಾರು ನಿಲ್ಲಲಿಲ್ಲ. ದರ್ಜಿಯ ಸೊಂಟದ ಮೂಳೆ ಮುರಿಯಿತು.

ಪರೀಕ್ಷೆಗೆ ಬಂದ ಸಾರಿಗೆ ಇಲಾಖೆಯ ಅಧಿಕಾರಿ ಕಾರನ್ನು ಊರೆಲ್ಲ ಸುತ್ತಿಸಿದ. ಅಷ್ಟರಲ್ಲಿ ಪ್ಯಾಡು ಕಾದಿತ್ತು, ಮುಟ್ಟಿದರೆ ನಿಲ್ಲುತ್ತಿತ್ತು. ಬ್ರೇಕಿನಲ್ಲಿ ದೋಷವಿಲ್ಲ ಎಂದು ಹೇಳಿ ಹೋದ. ಆಮೇಲೆ ತಮ್ಮ ಅಣ್ಣನ ಶೆಡ್ಡಿಗೆ ಬಂದು ಶಟರನ್ನು ಅರ್ಧ ಎಳೆದ.

"ನೀನು ಬಾಯಿ ಬಿಟ್ರೆ ಇಬ್ಬರೂ ಮುಳುಗ್ತೀವಿ ಅಣ್ಣ."

ಅಣ್ಣ ಬಾಯಿ ಬಿಡಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂದವರು ಆಮೇಲೆ ಆ ಮನೆಯಲ್ಲಿ ಒಂದು ದಿನ ಇದ್ದು ನೋಡಬೇಕಿತ್ತು. "ಇನ್ನೂ ಜೋರಾಗಿ ಒತ್ತಬೇಕಿತ್ತು ನೀನು," ಎಂದು ಹೆಂಡತಿಗೆ ತಮ್ಮ ಮೊದಮೊದಲು ಮೆಲ್ಲಗೆ ಹೇಳುತ್ತಿದ್ದ. ಹೇಳುತ್ತ ಹೇಳುತ್ತ ತಾನೇ ಅದನ್ನು ನಂಬಿದ. ಅವಳೂ ನಂಬಿದಳು. ಮಕ್ಕಳ ಜೀವವನ್ನು ಈ ಕಾಲಿಗೆ ಒಪ್ಪಿಸಲಾರೆ ಎಂದು ವ್ಯಾನಿನ ಕೀಲಿಯನ್ನು ಶಾಲೆಗೆ ಹಿಂದಿರುಗಿಸಿದಳು. ದರ್ಜಿ ಇನ್ನು ಹೊಲಿಗೆ ಯಂತ್ರ ತುಳಿಯುವ ಹಾಗಿರಲಿಲ್ಲ. ಅವನು ಕತ್ತರಿಸಿ ಕೊಟ್ಟದ್ದನ್ನು ಅವನ ಅಂಗಡಿಯಲ್ಲಿ ಕೂತು ಇವಳು ಹೊಲಿಯತೊಡಗಿದಳು. ಯಾರೂ ಹೇಳಿರಲಿಲ್ಲ, ತಾನೇ ಹೋದಳು.

ವರ್ಷ ಕಳೆದ ಮೇಲೆ ನಿಧಾನಪ್ಪ ಒಂದು ಪ್ಯಾಂಟು ಗಿಡ್ಡ ಮಾಡಿಸಲು ಅಲ್ಲಿಗೆ ಹೋದ. ದರ್ಜಿ ಊಟಕ್ಕೆ ಹೋಗಿದ್ದ. ಅವಳು ಹೊಲಿಯುವುದನ್ನು ನಿಲ್ಲಿಸಿ ಬಲತೊಡೆಗೆ ಪಟಪಟ ಬಡಿದುಕೊಳ್ಳುತ್ತಿದ್ದಳು.

"ಸ್ವಲ್ಪ ಹೊತ್ತಿಗೇ ಜೋಮು ಹಿಡಿಯುತ್ತೆ ಭಾವ. ದರಿದ್ರ ಕಾಲು. ಬೇಕಾದಾಗ ಕೆಲಸಕ್ಕೆ ಬರಲ್ಲ."

ನಿಧಾನಪ್ಪನಿಗೆ ತಡೆಯಲಾಗಲಿಲ್ಲ.

"ಕಾಲಲ್ಲಮ್ಮ, ಪ್ಯಾಡು," ಎಂದ. "ರೇಸಿನ ಪ್ಯಾಡು. ಆ ಭಾನುವಾರ ನಾನು ಬದಲಿಸಲಿಲ್ಲ. ತಣ್ಣಗಿದ್ದಾಗ ಅವು ಸರಿಯಾಗಿ ಹಿಡಿಯಲ್ಲ. ನಿನ್ನ ಜಾಗದಲ್ಲಿ ಯಾರಿದ್ರೂ ಕಾರು ನಿಲ್ತಿರಲಿಲ್ಲ."

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿಟ್ಟಳು.

"ಇವರಿಗೂ ಗೊತ್ತಿತ್ತಾ?"

ಅವನು ತಲೆ ತಗ್ಗಿಸಿದ. ನಿಜ ಕೇಳಿದರೆ ಅವಳ ಮನಸ್ಸು ಹಗುರಾದೀತು, ಮತ್ತೆ ವ್ಯಾನು ಹತ್ತಿಯಾಳು ಎಂದುಕೊಂಡಿದ್ದ. ಅವಳ ಮುಖ ನೋಡಿದ ಮೇಲೆ ಆ ಆಸೆ ಉಳಿಯಲಿಲ್ಲ.

"ವರ್ಷವಿಡೀ ನನ್ನ ಕಾಲಿಗೆ ನಾನೇ ಶಾಪ ಹಾಕ್ಕೊಂಡೆ ಭಾವ," ಎಂದಳು. "ಕಾಲು ಸರಿಯಾಗೇ ಇತ್ತು. ಈಗ ಈ ಕಾಲಲ್ಲಿ ನಡೆದು ಯಾವ ಮನೆಗೆ ಹೋಗ್ಲಿ?"