ಗುಡ್ಡದ ಟ್ಯಾಂಕಿನ ನೀರು

ಪ್ಲೆಸೆಂಟನ್ ಊರು ದಾಟಿ ಪೂರ್ವಕ್ಕೆ ಹೋದರೆ ಗುಡ್ಡಗಳೆಲ್ಲ ವರ್ಷದ ಬಹುಪಾಲು ಒಣಹುಲ್ಲಿನ ಬಣ್ಣ. ಕಡಲು ದಾಟಿ ಈ ದೇಶಕ್ಕೆ ಬಂದ ನಾವು ಅಂಥ ಒಂದು ಗುಡ್ಡದ ಮೇಲೆ ಮನೆ ಕೊಂಡೆವು. ಊರಿನ ಪೈಪು ಅಲ್ಲಿಗೆ ಬರುವುದಿಲ್ಲ. ಎಲ್ಲ ಮನೆಗಳಿಗೂ ಸೇರಿ ಕೆಳಗೊಂದು ಬೋರ್‌ವೆಲ್ಲು, ಗುಡ್ಡದ ನೆತ್ತಿಯ ಮೇಲೊಂದು ಟ್ಯಾಂಕು. ಕುಡಿಯುವುದಕ್ಕೂ ಅದೇ ನೀರು, ಬೆಂಕಿ ಬಿದ್ದರೆ ಆರಿಸುವುದಕ್ಕೂ ಅದೇ. ಪ್ರತಿ ಬೇಸಿಗೆಗೂ ಒಂದೆರಡು ಹೊಸ ಚಾವಣಿಗಳು ಏಳುತ್ತಿದ್ದವು. ಸಿವಿಲ್ ಎಂಜಿನಿಯರ್ ಎಂಬ ಕಾರಣಕ್ಕೆ ನೀರಿನ ಸಮಿತಿಯ ಹೊಣೆ ನನ್ನ ತಲೆಗೆ ಬಿತ್ತು.

ಮಳೆ ಮೇಲಿಂದ ಮೇಲೆ ಕೈಕೊಟ್ಟ ಕಾಲದಲ್ಲಿ ಒಂದು ಬೆಳಿಗ್ಗೆ ಮಗಳು ಬಾತ್‌ರೂಮಿನಿಂದ ಕೂಗಿದಳು: "ಅಮ್ಮಾ, ದ ವಾಟರ್ ಈಸ್ ಬ್ರೌನ್!"

ನಲ್ಲಿ ಕೆಮ್ಮುತ್ತ, ತಡೆದು ತಡೆದು, ಮರಳು ಬೆರೆತ ನೀರು ಉಗುಳುತ್ತಿತ್ತು. ಮಂಡ್ಯದಿಂದ ಬಂದು ನಮ್ಮೊಡನಿದ್ದ ಅತ್ತೆ ಅದನ್ನು ಬೆರಳಲ್ಲಿ ಉಜ್ಜಿ ನೋಡಿದರು.

"ಪಂಪು ಗಾಳಿ ಎಳೀತಾ ಅದೆ ಕಣವ್ವ."

ಬಾವಿಯ ನೀರು ಪಂಪಿನ ಮಟ್ಟಕ್ಕೆ ಇಳಿದಿತ್ತು; ಕೆಲವು ವಾರಗಳಿಂದ ನಾನು ಹೆದರಿದ್ದು ಅದಕ್ಕೇ. ದಿನದಲ್ಲಿ ಅರ್ಧ ಹೊತ್ತು ಪಂಪು ನಿಲ್ಲಿಸಿ ಬಾವಿಗೆ ಬಿಡುವು ಕೊಟ್ಟೆವು. ತೋಟಕ್ಕೆ ನೀರು ಬಿಡುವುದು ಬಂದಾಯಿತು. ಆದರೂ ಟ್ಯಾಂಕು ಅರ್ಧಕ್ಕಿಂತ ಮೇಲೇರಲಿಲ್ಲ.

ಶರತ್ಕಾಲದ ಒಂದು ಮಧ್ಯಾಹ್ನ ಬಿಸಿಗಾಳಿ ಎದ್ದಿತು. ಸ್ವಲ್ಪ ಹೊತ್ತಿಗೆಲ್ಲ ಪಕ್ಕದ ಗುಡ್ಡದ ಹಿಂದೆ ಹೊಗೆ ಕಾಣಿಸಿತು. ಅಗ್ನಿಶಾಮಕ ದಳದವರು ಬಂದು ಮೊದಲು ಕೇಳಿದ್ದೇ ಟ್ಯಾಂಕಿನಲ್ಲಿ ನೀರೆಷ್ಟಿದೆ ಎಂದು. ಯಾರೂ ನಲ್ಲಿ ತಿರುಗಿಸದೆ ಮನೆ ಬಿಟ್ಟು ಹೊರಡಬೇಕು ಎಂದರು. ಎಲ್ಲರಿಗೂ ಫೋನು ಮಾಡಿದೆ. ಆದರೆ ದಳದವರು ಇನ್ನೂ ಪೈಪು ಜೋಡಿಸಿರಲಿಲ್ಲ, ಟ್ಯಾಂಕಿನ ಮಟ್ಟ ಆಗಲೇ ಇಳಿಯುತ್ತಿತ್ತು. ಯಾರೋ ನೀರು ಬಿಟ್ಟಿದ್ದರು.

ಹುಡುಕುತ್ತ ಕಾರಿನಲ್ಲಿ ಕೆಳಗಿಳಿದೆ. ಕೊನೆಯ ತಿರುವಿನ ಮನೆಯಲ್ಲಿ ನಮ್ಮ ಮೈಸೂರಿನ ಕಡೆಯವರೇ ಆದ ಡಾಕ್ಟರು ಏಣಿಯ ಮೇಲೆ ನಿಂತು, ಪೈಪು ಹಿಡಿದು ತಮ್ಮ ಚಾವಣಿ ನೆನೆಸುತ್ತಿದ್ದರು. ಒಮ್ಮೆ ನನ್ನ ಮಗಳ ಮಂಡಿ ಒಡೆದಾಗ ತಮ್ಮ ಅಡುಗೆಮನೆಯಲ್ಲೇ ಕೂರಿಸಿ ಹೊಲಿಗೆ ಹಾಕಿದ್ದ ಮನುಷ್ಯ.

"ಸಾರ್, ನೀರು ನಿಲ್ಸಿ. ಫೈರ್ ಎಂಜಿನ್ನಿಗೆ ಬೇಕು."

"ಬೆಂಕಿ ಬಂದ್ರೆ ಮೊದ್ಲು ಇಲ್ಲಿಗೇ ಬರೋದು ಕಣಮ್ಮ. ನೀವು ಮೇಲಿದೀರ, ನಿಮಗೇನು?"

"ಅವರಿಗೆ ಪ್ರೆಷರು ಸಿಗ್ಲಿಲ್ಲಾಂದ್ರೆ ನಿಮ್ಮ ಮನೇನೂ ಉಳಿಯಲ್ಲ."

"ಹಾಗಂತ ಸುಮ್ನೆ ನಿಂತು ನೋಡ್ಲಾ?"

ರಸ್ತೆಬದಿಯ ಮುಚ್ಚಳ ತೆಗೆದು ಅವರ ಮನೆಯ ವಾಲ್ವು ತಿರುಗಿಸಿಬಿಟ್ಟೆ. ಅವರ ಕೈಯಲ್ಲಿದ್ದ ಪೈಪು ಜೋತುಬಿತ್ತು. ಅವರು ನನ್ನನ್ನೇ ನೋಡುತ್ತ ಏಣಿಯ ಮೇಲೆ ನಿಂತರು. ಅವರ ಬಿಳಿ ಅಂಗಿಯ ಮೇಲೆ ಬೂದಿ ಉದುರುತ್ತಿತ್ತು.

ಸಂಜೆಗೆ ಗಾಳಿ ದಿಕ್ಕು ಬದಲಿಸಿತು. ಬೆಂಕಿ ಅವರ ಬೇಲಿಯ ಕೆಳಗಿನ ಹುಲ್ಲನ್ನು ಸುಟ್ಟು, ದಳದವರು ನೀರು ಹಾಯಿಸಿದಲ್ಲಿಗೆ ನಿಂತಿತು. ಮರುದಿನ ಏಣಿ ಹತ್ತಿ ಇಣುಕಿದರೆ ಟ್ಯಾಂಕಿನ ತಳ ಕಾಣುತ್ತಿತ್ತು. ಗಾಳಿ ತಿರುಗದಿದ್ದರೆ ಎಂದು ಯೋಚಿಸುತ್ತ ಮುಚ್ಚಳ ಹಾಕಿ ಕೆಳಗಿಳಿದೆ.

ಆ ಚಳಿಗಾಲವೆಲ್ಲ ಡಾಕ್ಟರು ನನ್ನೊಡನೆ ಮಾತಾಡಲಿಲ್ಲ. ಚೆನ್ನಾಗಿ ಮಳೆಯಾಯಿತು. ಗುಡ್ಡ ಹಸಿರಾಯಿತು, ಜನ ಮರೆತರು. ವಸಂತದ ಮೀಟಿಂಗಿನಲ್ಲಿ ಹೊಸ ಮನೆಗಳಿಗೆ ಸಂಪರ್ಕ ಕೊಡುವ ಪ್ರಶ್ನೆ ಬಂತು. ಬಾವಿ ಇನ್ನೂ ತುಂಬಿಲ್ಲ ಎಂದೆ. "ಮಳೆ ಬಂತಲ್ಲ" ಎಂದರು ಒಂದಿಬ್ಬರು. ಬೇಡವೆನ್ನುವವರು ಕೈಯೆತ್ತಿ ಎಂದಾಗ ನಾನೊಬ್ಬಳೇ ಎತ್ತಿದೆ. ತುಸು ತಡೆದು ಹಿಂದಿನ ಸಾಲಿನಲ್ಲಿ ಇನ್ನೊಂದು ಕೈ ಎದ್ದಿತು. ಡಾಕ್ಟರದು. ಅವರು ನನ್ನತ್ತ ನೋಡಲಿಲ್ಲ. ಉಳಿದವರೆಲ್ಲ ಸೇರಿ ಒಪ್ಪಿಗೆ ಕೊಟ್ಟರು.

ಹೊರಗೆ ಕಾರಿನ ಬಳಿ ಅವರೇ ನಿಂತು ಮಾತಾಡಿಸಿದರು.

"ಮನೆ ಮಾರ್ಬಿಟ್ಟೆ. ಕೊಂಡೋರು ಚಿಕ್ಕ ವಯಸ್ಸಿನವರು, ಕೈಗೂಸು ಇದೆ. ನೀರಿನ ವಿಷ್ಯ ಎಲ್ಲಾ ಹೇಳ್ದೆ."

"ಏನಂದ್ರು?"

"ಈಗ ಎಲ್ಲಾ ಕಡೆ ಹಂಗೇ ಅಲ್ವಾ ಅಂಕಲ್, ಅಂತ ನಕ್ರು."

ಈ ವಾರ ಆ ಹೊಸಬರು ಬಂದಿದ್ದಾರೆ. ನಿನ್ನೆ ಆ ದಾರಿಯಲ್ಲಿ ಹೋಗುವಾಗ ಅವರ ಅಂಗಳದಲ್ಲಿ ಒಂದು ಲಾರಿ ನಿಂತಿತ್ತು. ಅಂಗಳಕ್ಕೆ ಹಾಸಲು, ದಿನವೂ ನೀರುಣಿಸಬೇಕಾದ ಹಸಿ ಹುಲ್ಲುಹಾಸಿನ ಸುರುಳಿಗಳನ್ನು ಇಳಿಸುತ್ತಿದ್ದರು.