ಬೆಳಗಾದ ಮೇಲೆ ಮಲಗುವ ನಾಗಿ

ಹೊನ್ನಾವರದ ಬಂದರಿನ ಹಿಂದಿರುವ ಶೀಗಡಿ ಶೆಡ್ಡಿನಲ್ಲಿ ಬೆಳಕು ಹರಿಯುತ್ತಿದೆ. ಕರಗಿದ ಮಂಜುಗಡ್ಡೆಯ ನೀರಿನಲ್ಲಿ ಕುಕ್ಕುರುಗಾಲಿನಲ್ಲಿ ಕೂತ ನಾಗಿ ಹರಿಕಂತ್ರ ಕೊನೆಯ ಬುಟ್ಟಿಗೆ ಕೈಹಾಕಿದ್ದಾಳೆ. ತಲೆ ಮುರಿಯುವುದು, ಸಿಪ್ಪೆ ಸುಲಿಯುವುದು, ನಾರು ಎಳೆಯುವುದು. ಕಣ್ಣು ಮುಚ್ಚಿಹೋದರೂ ಕೈ ನಿಲ್ಲುವುದಿಲ್ಲ. ಬೆರಳ ಸಂದಿಯ ಚರ್ಮ ಬೆಳ್ಳಗೆ ಬಿರಿದಿದೆ.

ಯಂತ್ರದ ಟ್ರಾಲರುಗಳು ಬಂದ ಮೇಲೆ, ದಡದಲ್ಲಿ ನಿಂತು ಎಳೆಯುವ ರಂಪಣಿ ಬಲೆ ಮೂಲೆ ಸೇರಿತು. ಗಂಡ ಮಾಸ್ತಿ ಗೋವೆಯ ಕಡೆಯ ಬೋಟು ಹತ್ತಿದ. ಊರಿಗೆ ಬರುವುದು ಮಳೆ ಹಿಡಿದ ಮೇಲೆ. ಇಲ್ಲಿ ನಡುರಾತ್ರಿ ಮೀನಿನ ಬೋಟು ದಡ ಮುಟ್ಟಿತೆಂದರೆ ಶೆಡ್ಡಿನ ಟೆಂಪೋ ಕೇರಿಗೆ ಬಂದು ಹಾರ್ನ್ ಹೊಡೆಯುತ್ತದೆ. ಹೆಂಗಸರು ಎದ್ದ ಹಾಗೇ ಹತ್ತಬೇಕು. ಬೇರೆ ಮನೆಗಳಲ್ಲಿ ಮಲಗುವ ಹೊತ್ತೆಂದರೆ ಉಂಡು ದೀಪ ಸಣ್ಣ ಮಾಡುವ ಹೊತ್ತು. ನಾಗಿಗೆ ಮಲಗುವ ಹೊತ್ತಾಗಬೇಕಾದರೆ ಹೊಸ್ತಿಲಿಗೆ ಬಿಸಿಲು ಬರಬೇಕು.

ಮಗಳು ಗಂಗೆಗೂ ಮಲಗುವ ಹೊತ್ತು ಅದೇ ಆಗಿತ್ತು. ಅವ್ವಿ ಎದ್ದುಹೋಗದಿರಲೆಂದು ಅವಳ ಸೆರಗನ್ನು ತನ್ನ ಕೈಗೆ ಗಂಟು ಹಾಕಿಕೊಂಡು ಮಲಗುತ್ತಿದ್ದಳು. ಹಾರ್ನ್ ಕೇಳಿ ನಾಗಿ ಗಂಟು ಬಿಚ್ಚಿದರೆ ಎಚ್ಚರ. ಆಮೇಲೆ ಬೆಳತನಕ ಬಾಗಿಲಲ್ಲಿ ಕೂತು, ತಾಯಿ ಬಂದ ಮೇಲೆ ಅವಳ ಜೊತೆಗೇ ನಿದ್ದೆ. ಎರಡನೇ ಇಯತ್ತೆಯ ಹುಡುಗಿ ಶಾಲೆಯ ಮುಖ ನೋಡುವುದೇ ಅಪರೂಪವಾಯಿತು. ಹೀಗಾದರೆ ಹೆಸರು ತೆಗೆಯಬೇಕಾಗುತ್ತದೆ ಎಂದು ಶಾಲೆಯ ಅಕ್ಕೋರು ಹೇಳಿ ಕಳಿಸಿದರು. ಶೆಡ್ಡು ಬಿಟ್ಟರೆ ಒಲೆ ಉರಿಯುವುದಿಲ್ಲ. ನಾಗಿ ಮಗಳನ್ನು ಸಂಜೆಗೇ ಪಕ್ಕದ ಮನೆಯ ದುರ್ಗಿಯ ಹತ್ತಿರ ಬಿಡತೊಡಗಿದಳು.

"ಮೊದ್ಲು ನಾಕು ದಿನ ಬೇಲಿ ಆಚೆಗೆ ಕೂಗೂದು ಕೇಳ್ತಿತ್ತು," ಎನ್ನುತ್ತಾಳೆ ನಾಗಿ. "ಹೋದ್ರೆ ಮುಗೀತು, ಮತ್ತೆ ನನ್ನ ಬಿಡೂದಿಲ್ಲ. ಕಿವಿ ಮುಚ್ಕಂಡು ಕೂತೆ."

ಕೆಲಸ ಮುಗಿಸಿ ಅವಳು ನೇರ ದುರ್ಗಿಯ ಮನೆಗೇ ಹೋಗುತ್ತಾಳೆ. ಗಂಗೆ ಇನ್ನೂ ನಿದ್ದೆಯಲ್ಲಿದ್ದಾಳೆ. ದುರ್ಗಿ ಒಲೆಯ ಮುಂದಿನಿಂದಲೇ ಛೇಡಿಸುತ್ತಾಳೆ: "ನಿನ್ ಮಗ್ಳು ನನ್ ಮೈಮೇಲೆ ಕಾಲ್ ಹಾಕಿ ಮಲಗ್ತದೆ ಮಾರಾಯ್ತಿ. ನನ್ ಗಂಡ ಜಗಲಿ ಪಾಲಾದ."

ನಾಗಿ ನಗುತ್ತಾಳೆ. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಾಳೆ, ಆದರೂ ಮಗಳನ್ನು ಮುಟ್ಟುವುದಿಲ್ಲ. ದೀಪಾವಳಿಯಿಂದ ಈಚೆಗೆ ಒಂದು ದಿನವೂ ಶಾಲೆ ತಪ್ಪಿಲ್ಲವೆಂದು ಹೇಳುವಾಗ ಅವಳ ದನಿ ಸ್ವಲ್ಪ ಏರುತ್ತದೆ. ಮತ್ತೆ ಇಳಿಯುತ್ತದೆ.

"ಮೊದ್ಲು ನನ್ ಹೆಜ್ಜೆಗೇ ಎಚ್ಚರಾಗ್ತಿತ್ತು. ಈಗ ನಾ ಬಂದದ್ದೇ ಗೊತ್ತಾಗೂದಿಲ್ಲ ಅದ್ಕೆ. ಆತು, ನಂಗೆ ಬೇಕಾದದ್ದೂ ಅದೇ ಅಲ್ದ? ಮಳೆಗಾಲ್ದಲ್ಲಿ ಬೋಟು ಇಳಿಯೂದಿಲ್ಲ, ರಾತ್ರಿ ಮನೇಲೇ ಇರ್ತೆ. ಆಗಾದ್ರೂ ನನ್ ಹತ್ರ ಮಲಗೂಕೆ ಬರ್ತದಾ, ನೋಡ್ಬೇಕು."